‘ಸದ್ಯಕ್ಕೆ ಹಾಡಿಸಿ ಕೊಡುವ’ ದುರಸ್ತಿ ಏಪ್ರಿಲ್‌ನಿಂದ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಬರುವ ಏಪ್ರಿಲ್ 1ರಿಂದ ನಮ್ಮ ಅಂಗಡಿಯಲ್ಲಿ ಹಳೆಯ ರೇಡಿಯೊ, ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ಮತ್ತು ಟೇಪ್ ರೆಕಾರ್ಡರ್‌ಗಳನ್ನು ದುರಸ್ತಿಗೆ ತೆಗೆದುಕೊಳ್ಳುವ ಕ್ರಮ ಬದಲಾಗುತ್ತಿದೆ. ಕೆಟ್ಟುಹೋದ ಒಂದು ಭಾಗವನ್ನಷ್ಟೇ ಬದಲಿಸಿ, ಸದ್ಯಕ್ಕೆ ಹಾಡುವಂತೆ ಮಾಡಿ ಕೊಡುವ ಕೆಲಸವನ್ನು ನಿಲ್ಲಿಸುತ್ತಿದ್ದೇವೆ. ಯಾವ ಸೆಟ್ ಬಂದರೂ ಮೊದಲು ಪೂರ್ತಿ ತಪಾಸಣೆ, ಆಮೇಲೆ ಬರಹದಲ್ಲಿ ಅಂದಾಜು ವೆಚ್ಚ, ನೀವು ಒಪ್ಪಿದ ಮೇಲೆ ಕೆಲಸ. ಇದರಿಂದ ಖರ್ಚು ಹೆಚ್ಚುತ್ತದೆ, ಕಾಯಬೇಕಾದ ದಿನಗಳೂ ಹೆಚ್ಚುತ್ತವೆ. ಮನೆಯ ಹಿರಿಯರ ಕಾಲದ ವಸ್ತುವನ್ನು ನಂಬಿ ನಮ್ಮ ಕೈಗೆ ಕೊಡುತ್ತಿರುವ ನಿಮಗೆ ಕಾರಣವನ್ನು ಬಿಡಿಸಿ ಹೇಳಬೇಕಾದದ್ದು ನಮ್ಮ ಹೊಣೆ.

‘ಸ್ವಲ್ಪ ಮಾತಾಡಿದರೆ ಸಾಕು, ಅಪ್ಪ ಬೆಳಗಿನ ವಾರ್ತೆ ಕೇಳುತ್ತಾರೆ’ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಅದರ ಹಿಂದಿನ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ಅರವತ್ತು ವರ್ಷ ಹಳೆಯ ವಾಲ್ವ್ (ಟ್ರಾನ್ಸಿಸ್ಟರ್‌ಗೆ ಮೊದಲಿನ, ಕಾದು ಕೆಲಸ ಮಾಡುವ ಗಾಜಿನ ಕೊಳವೆ) ಸೆಟ್ ಹಾಡುತ್ತಿದೆ ಎಂದ ಮಾತ್ರಕ್ಕೆ ಅದು ಸರಿಯಾಗಿದೆ ಎಂದು ಹೇಳಲು ಬರುವುದಿಲ್ಲ. ಎಷ್ಟೋ ಸೆಟ್‌ಗಳು ಚೆನ್ನಾಗಿ ಹಾಡುತ್ತ ಹಾಡುತ್ತಲೇ ಒಳಗೆ ಸುಟ್ಟುಹೋಗುತ್ತವೆ.

ಕಳೆದ ಮಳೆಗಾಲದಲ್ಲಿ ಮಲೆನಾಡಿನ ಮನೆಯೊಂದರಿಂದ ಐದು ವಾಲ್ವ್‌ಗಳ ಮೇಜಿನ ರೇಡಿಯೊ ಬಂತು. ಪೆಟ್ಟಿಗೆಯ ಪಾಲಿಶ್ ಹೊಳೆಯುತ್ತಿತ್ತು, ಡಯಲ್ ಗಾಜಿನ ಮೇಲಿನ ಊರುಗಳ ಹೆಸರು ಒಂದೂ ಅಳಿಸಿರಲಿಲ್ಲ. ಕೆಲವು ತಿಂಗಳ ಹಿಂದೆ ಬೇರೆ ಕಡೆ ಅದರ ಫಿಲ್ಟರ್ ಕಂಡೆನ್ಸರ್ (ವಿದ್ಯುತ್ತಿನ ಏರಿಳಿತ ತಗ್ಗಿಸುವ ಭಾಗ) ಬದಲಿಸಿದ್ದರು. ಗುಂಯ್ ಎನ್ನುವ ಸದ್ದು ಹೋಗಿ ರೇಡಿಯೊ ಸೊಗಸಾಗಿ ಹಾಡತೊಡಗಿತ್ತು. ಮನೆಯವರು ದಿನವೂ ಬೆಳಿಗ್ಗೆ ಹಾಕುತ್ತಿದ್ದರು. ಒಂದು ದಿನ ಮೇಣ ಸುಟ್ಟ ವಾಸನೆ ಬಂದು ಸೆಟ್ ಮೌನವಾಯಿತು. ನಾವು ತೆರೆದು ನೋಡಿದಾಗ ಹಾಡನ್ನು ಸ್ಪೀಕರಿಗೆ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿ ಕಡಿದಿತ್ತು, ಅದನ್ನು ನಡೆಸುವ ಇಎಲ್84 ವಾಲ್ವ್ ಕೈಕೊಟ್ಟಿತ್ತು. ಇಷ್ಟಕ್ಕೆಲ್ಲ ಮೂಲ, ಆ ವಾಲ್ವಿನ ಗ್ರಿಡ್‌ಗೆ (ಕರೆಂಟನ್ನು ಹಿಡಿತದಲ್ಲಿಡುವ ಒಳಜಾಲರಿಗೆ) ಹಾಡನ್ನು ತಲುಪಿಸುವ ಒಂದು ಪುಟ್ಟ ಕಂಡೆನ್ಸರ್. ಮೇಣ ಸವರಿದ ಕಾಗದದ ಕೊಳವೆ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಹೊಸದಕ್ಕೆ ಕೆಲವೇ ರೂಪಾಯಿ.

ಈ ಕಂಡೆನ್ಸರಿನ ಕೆಲಸ ಹಾಡನ್ನು ಮುಂದಕ್ಕೆ ಬಿಡುವುದು, ಹಿಂದಿನ ಹಂತದ ಡಿಸಿ (ಒಂದೇ ದಿಕ್ಕಿನ) ವೋಲ್ಟೇಜನ್ನು ತಡೆಯುವುದು. ಒಳಗಿನ ಕಾಗದ ದಶಕಗಳ ತೇವ ಹೀರಿದ ಮೇಲೆ ಡಿಸಿ ಒಸರತೊಡಗುತ್ತದೆ. ಇಎಲ್84 ವಾಲ್ವಿನ ಗ್ರಿಡ್ ಎಲೆಕ್ಟ್ರಾನ್ ಹೊರಡಿಸುವ ಕಾದ ಭಾಗವಾದ ಕ್ಯಾಥೋಡ್‌ಗಿಂತ ಸುಮಾರು 7 ವೋಲ್ಟ್ ಕೆಳಗಿರಬೇಕು. ಹಾಗಿದ್ದಾಗ 250 ವೋಲ್ಟಿನಲ್ಲಿ ಅದು 48 ಮಿಲಿಆಂಪಿಯರ್ ಎಳೆಯುತ್ತದೆ. ಒಸರಿದ ಡಿಸಿ ಗ್ರಿಡ್ಡನ್ನು ಎರಡು ಮೂರು ವೋಲ್ಟ್ ಮೇಲೆತ್ತಿದರೂ ಕರೆಂಟ್ ಏರುತ್ತದೆ, ಒಳಗಿನ ಪ್ಲೇಟು ಕಾಯುತ್ತದೆ, ಆ ಕರೆಂಟೆಲ್ಲ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿಯಲ್ಲೇ ಹರಿಯಬೇಕಾಗುತ್ತದೆ. ಕೇಳುವವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಹೆಚ್ಚೆಂದರೆ ಸ್ವರ ಸ್ವಲ್ಪ ಒರಟಾಗಿ ಕೇಳಬಹುದು.

ಸಾಮಾನ್ಯ ಮಲ್ಟಿಮೀಟರ್ ಹಚ್ಚಿ ನೋಡಿದರೂ ಈ ಸೋರಿಕೆ ಸಿಗುವುದಿಲ್ಲ. ಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ, ಕಂಡೆನ್ಸರ್ ಒಸರುವುದು ಇನ್ನೂರು ವೋಲ್ಟಿನ ಒತ್ತಡ ಬಿದ್ದಾಗ, ಅದೂ ಸೆಟ್ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ. ಹಾಗಾಗಿ ಐದು ನಿಮಿಷ ಹಾಡಿಸಿ ‘ಸರಿಯಾಗಿದೆ’ ಎಂದು ಕೈಗಿಡುವ ದುರಸ್ತಿಯಲ್ಲಿ ನಮಗೆ ನಂಬಿಕೆ ಉಳಿದಿಲ್ಲ.

ಸುಟ್ಟ ಟ್ರಾನ್ಸ್‌ಫಾರ್ಮರನ್ನು ಮತ್ತೆ ಸುತ್ತಿಸಬಹುದು. ಬೆಂಗಳೂರಿನಲ್ಲಿ ಆ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಹಳೆಯ ಸುರುಳಿಯನ್ನು ಪದರ ಪದರವಾಗಿ ಬಿಚ್ಚಿ, ಸುತ್ತು ಎಣಿಸಿ, ಅಷ್ಟೇ ದಪ್ಪದ ಎನಾಮಲ್ ತಂತಿ ಹುಡುಕಿ, ನಡುವೆ ಕಾಗದವಿಟ್ಟು ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಬೇಕು. ತಾಳ್ಮೆಯ ಕೆಲಸ, ಅದಕ್ಕೆ ತಕ್ಕ ಕೂಲಿಯೂ ಇದೆ. ಕೆಲವೇ ರೂಪಾಯಿಯ ಕಂಡೆನ್ಸರನ್ನು ಸಕಾಲದಲ್ಲಿ ಬದಲಿಸದೆ ಸಾವಿರಾರು ರೂಪಾಯಿ ಸುರಿಯುವ ಸ್ಥಿತಿ ನಿಮಗೆ ಬರಬಾರದು.

ವಾಲ್ವ್‌ಗಳ ವಿಷಯ ಇನ್ನೂ ಸೂಕ್ಷ್ಮ. 1954ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ನಮ್ಮ ಜಾಲಹಳ್ಳಿಯಲ್ಲೇ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರ್ ಯುಗಕ್ಕೂ ಕಾಲಿಟ್ಟಿತು. ದೇಶದ ಎಷ್ಟೋ ರೇಡಿಯೊಗಳ ಒಳಗೆ ಬೆಂಗಳೂರಿನ ವಾಲ್ವ್ ಬೆಳಗಿದೆ. ಗಾಜಿನ ಮೇಲೆ ಬಿಇಎಲ್ ಗುರುತು ಕಂಡಾಗ ನಮಗೆ ಈಗಲೂ ಹೆಮ್ಮೆಯಾಗುತ್ತದೆ. ಆ ತಯಾರಿಕೆ ಎಂದೋ ನಿಂತಿದೆ. ಗಿಟಾರ್ ಆಂಪ್ಲಿಫೈಯರ್‌ಗಳ ಪುಣ್ಯದಿಂದ ಇಎಲ್84, ಇಸಿಸಿ83 ವಾಲ್ವ್‌ಗಳು ಸ್ಲೊವಾಕಿಯಾ ಮತ್ತು ರಷ್ಯಾದಲ್ಲಿ ಇಂದಿಗೂ ತಯಾರಾಗುತ್ತಿವೆ. ರೇಡಿಯೊ ಹಂತಗಳಲ್ಲಿ ಕೂರುವ ಇಸಿಎಚ್81, ಇಬಿಎಫ್89, ಸ್ಟೇಷನ್ ಸರಿಯಾಗಿ ಸಿಕ್ಕಿದೆಯೇ ಎಂದು ತೋರಿಸುವ ಹಸಿರು ಬೆಳಕಿನ ಮ್ಯಾಜಿಕ್ ಐ ಇವುಗಳಿಗೆ ಹಳೆಯ ದಾಸ್ತಾನೇ ಗತಿ. ಸಾದರ ಪತ್ರಪ್ಪ ರಸ್ತೆಯ ಹಳೆಯ ಅಂಗಡಿಗಳ ಕಪಾಟಿನಲ್ಲಿ ಅಂಥ ಡಬ್ಬಿಗಳು ಸಿಗುವುದು ಈಗ ಅಪರೂಪ. ಇರುವ ವಾಲ್ವನ್ನು ಸುಡದೆ ಉಳಿಸಿಕೊಳ್ಳುವುದೇ ಈಗ ದುರಸ್ತಿಯ ದೊಡ್ಡ ಪಾಲು.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಕಷ್ಟ ಬೇರೆ ಬಗೆಯದು. 2ಎನ್3055ರಂಥ ಹಳೆಯ ಪವರ್ ಟ್ರಾನ್ಸಿಸ್ಟರ್‌ಗಳ ಹೆಸರಿನಲ್ಲಿ ನಕಲಿ ಮಾಲು ಧಾರಾಳವಾಗಿ ಬರುತ್ತಿದೆ. ಮೇಲಿನ ಲೋಹದ ಟೋಪಿ ಕತ್ತರಿಸಿ ನೋಡಿದರೆ ಒಳಗೆ ಅಸಲಿಗಿಂತ ತೀರಾ ಚಿಕ್ಕ ಸಿಲಿಕಾನ್ ಚೂರು ಕಾಣುತ್ತದೆ. ಕಡಿಮೆ ವಾಲ್ಯೂಮಿನಲ್ಲಿ ಹಾಡುತ್ತದೆ, ಹಬ್ಬದ ದಿನ ಜೋರಾಗಿ ಹಾಕಿದರೆ ಹೋಗುತ್ತದೆ, ಹೋಗುವಾಗ ಸ್ಪೀಕರನ್ನೂ ಎಳೆದುಕೊಂಡು ಹೋಗಬಹುದು. ಇನ್ನು ಮುಂದೆ ನಾವು ಹಾಕುವ ಪ್ರತಿ ಪವರ್ ಟ್ರಾನ್ಸಿಸ್ಟರನ್ನೂ ಮೊದಲೇ ಪೂರ್ಣ ಹೊರೆಯಲ್ಲಿ ಪರೀಕ್ಷಿಸುತ್ತೇವೆ. ಬಿಲ್ಲಿನಲ್ಲಿ ಅದಕ್ಕೆ ತಗಲುವ ಸಮಯವೂ ಸೇರುತ್ತದೆ.

ಹೊಸ ಕ್ರಮ ಹೀಗಿರುತ್ತದೆ. ಸೆಟ್ ತಂದಾಗ 600 ರೂಪಾಯಿ ತಪಾಸಣಾ ಶುಲ್ಕ. ಕೆಲಸ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆಯುತ್ತದೆ, ಬೇಡವೆಂದರೆ ಮರಳಿಸುವುದಿಲ್ಲ. ಸೆಟ್ಟನ್ನು ನೇರವಾಗಿ ವಿದ್ಯುತ್ತಿಗೆ ಹಚ್ಚುವುದಿಲ್ಲ. 100 ವಾಟ್ ತಂತಿ ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಹಚ್ಚುತ್ತೇವೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. (ಈ ಕೆಲಸಕ್ಕೆ ಎಲ್‌ಇಡಿ ಬಲ್ಬ್ ಬರುವುದಿಲ್ಲ. ಮನೆಯ ಅಟ್ಟದಲ್ಲಿ ಹಳೆಯ 60 ಅಥವಾ 100 ವಾಟಿನ ಬಲ್ಬುಗಳಿದ್ದರೆ ದಯವಿಟ್ಟು ಎಸೆಯಬೇಡಿ, ನಮಗೆ ತಂದುಕೊಡಿ.) ಆಮೇಲೆ ಪ್ರತಿ ಹಂತದ ವೋಲ್ಟೇಜು, ಒಸರುವ ಕಂಡೆನ್ಸರ್‌ಗಳು, ಮೌಲ್ಯ ಏರಿದ ರೆಸಿಸ್ಟರ್‌ಗಳು, ವಾಲ್ವ್‌ಗಳ ಉಳಿದ ಬಲ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನಿಮಗೆ ಕೊಡುತ್ತೇವೆ.

ಆ ಹಾಳೆಯಲ್ಲಿ ಕೆಲವು ಕೆಲಸಗಳ ಮುಂದೆ ‘ಕಡ್ಡಾಯ’ ಎಂದು ಬರೆದಿರುತ್ತದೆ. ಬಿರುಕು ಬಿಟ್ಟ ವೈರು, ಹಳೆಯ ಫ್ಯೂಸ್ ವ್ಯವಸ್ಥೆ, ಫಿಲ್ಟರ್ ಕಂಡೆನ್ಸರ್, ಔಟ್‌ಪುಟ್ ಗ್ರಿಡ್ಡಿನ ಕಂಡೆನ್ಸರ್, ಮತ್ತು ಮೇನ್ಸ್‌ಗೆ (ಗೋಡೆಯಿಂದ ಬರುವ ವಿದ್ಯುತ್ತಿಗೆ) ಅಡ್ಡಲಾಗಿ ಕೂತಿರುವ ಕಂಡೆನ್ಸರ್ ಈ ಪಟ್ಟಿಯಲ್ಲಿವೆ. ಕೊನೆಯದು ಯುರೋಪಿನ ಹಳೆಯ ಟರ್ನ್‌ಟೇಬಲ್ ಮತ್ತು ಟೇಪ್ ಡೆಕ್‌ಗಳಲ್ಲಿ ಹೆಚ್ಚಾಗಿ ಸಿಗುತ್ತದೆ. ಹಳದಿ ಪಾರದರ್ಶಕ ಕವಚದ ಮೇಲೆ ನವಿರಾದ ಬಿರುಕುಗಳಿರುತ್ತವೆ. ಬಿರುಕಿನಿಂದ ತೇವ ಒಳಗಿಳಿದಿದ್ದರೆ ಒಂದು ದಿನ ಇದ್ದಕ್ಕಿದ್ದಂತೆ ಕೋಣೆಯ ತುಂಬ ಹೊಗೆ. 220 ವೋಲ್ಟಿಗೆಂದು ಮಾಡಿದ ಸೆಟ್‌ಗೆ ನಮ್ಮಲ್ಲಿ ಕೆಲವು ರಾತ್ರಿ 245 ವೋಲ್ಟ್ ಬರುವುದೂ ಉಂಟು. ಕಡ್ಡಾಯ ಕೆಲಸಕ್ಕೆ ಒಪ್ಪಿಗೆ ಇಲ್ಲವಾದರೆ ಸೆಟ್ಟನ್ನು ಬಂದ ಹಾಗೆಯೇ ಮರಳಿಸುತ್ತೇವೆ. ಬೆಂಕಿಯ ಭಯವಿರುವ ಸೆಟ್ಟನ್ನು ‘ಆಗಲಿ’ ಎಂದು ನಿಮ್ಮ ಕೈಗೆ ಕೊಡಲು ನಮಗೆ ಮನಸ್ಸು ಒಪ್ಪುವುದಿಲ್ಲ. ಉಳಿದ ಕೆಲಸಗಳು ಪೂರ್ತಿ ನಿಮ್ಮ ಇಷ್ಟ.

ತೆಗೆದ ಹಳೆಯ ಭಾಗಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಬಿಲ್ಲಿನ ಜೊತೆ ಕೊಡುತ್ತೇವೆ. ಏನು ಹೋಗಿತ್ತು, ಏನು ಬಂತು ಎಂದು ನೀವೇ ಎಣಿಸಿ ನೋಡಬಹುದು. ನಮ್ಮ ಕೆಲಸದ ಭರವಸೆ ಇದುವರೆಗೆ ಮೂರು ತಿಂಗಳಿತ್ತು, ಅದನ್ನು ಒಂದು ವರ್ಷಕ್ಕೆ ಏರಿಸಿದ್ದೇವೆ. ಪೂರ್ತಿ ಕೆಲಸ ಮಾಡಿದಾಗಷ್ಟೇ ಇಂಥ ಭರವಸೆ ಕೊಡಲು ಸಾಧ್ಯ. ಸಾಮಾನ್ಯ ಸೆಟ್‌ಗೆ ಆರರಿಂದ ಎಂಟು ವಾರ ಬೇಕು, ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕಾದರೆ ಇನ್ನೂ ಹೆಚ್ಚು.

ರೆಕಾರ್ಡ್ ಪ್ಲೇಯರ್‌ಗಳಿಗೂ ಇದೇ ಕ್ರಮ. ಬೆಲ್ಟ್ ಅಥವಾ ರಬ್ಬರ್ ಚಕ್ರ, ಮೋಟಾರಿನ ಎಣ್ಣೆ, ತೋಳಿನ ಭಾರ, ಸೂಜಿ ಇಷ್ಟನ್ನೂ ನೋಡಿಯೇ ಕೊಡುತ್ತೇವೆ. ಸವೆದ ಸೂಜಿ ರೆಕಾರ್ಡಿನ ಗೆರೆಯನ್ನೇ ಕೆರೆದು ಹಾಕುತ್ತದೆ, ಹೋದ ಗೆರೆ ಮತ್ತೆ ಬರುವುದಿಲ್ಲ. ನಿಮಿಷಕ್ಕೆ 78 ಸುತ್ತಿನ ಅರಗಿನ ರೆಕಾರ್ಡಿಗೆ ದಪ್ಪ ಮೊನೆಯ ಸೂಜಿ, ಎಲ್‌ಪಿಗೆ ಸಣ್ಣ ಮೊನೆಯದು ಬೇಕು. ಎರಡಕ್ಕೂ ಒಂದೇ ಸೂಜಿ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಿ. ವೇಗ ಪರೀಕ್ಷಿಸಲು ನಮ್ಮಲ್ಲಿ ಗೆರೆಗಳ ತಟ್ಟೆಯಿದೆ. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ತಟ್ಟೆಯ 180 ಗೆರೆಗಳು ನಿಂತಂತೆ ಕಂಡರೆ ವೇಗ ಸರಿಯಾಗಿ ನಿಮಿಷಕ್ಕೆ 33⅓ ಸುತ್ತು. ಗೆರೆ ಮುಂದೆ ಜಾರಿದರೆ ಹಾಡು ಏರಿದ ಶ್ರುತಿಯಲ್ಲಿದೆ ಎಂದರ್ಥ. ಸಂಗೀತ ಬಲ್ಲ ಗ್ರಾಹಕರು ಇದನ್ನು ತಟ್ಟೆಗಿಂತ ಮೊದಲೇ ಕಿವಿಯಿಂದ ಹಿಡಿಯುತ್ತಾರೆ. ಕ್ಯಾಸೆಟ್ ಡೆಕ್‌ಗಳಲ್ಲಿ ಕರಗಿ ಡಾಂಬರಿನಂತಾದ ಬೆಲ್ಟನ್ನು ಕೆರೆದು ತೆಗೆಯುವುದೇ ಅರ್ಧ ದಿನದ ಕೆಲಸ, ಅದರ ದರ ಪ್ರತ್ಯೇಕ.

ಹಳೆಯ ರೇಡಿಯೊದ ಒಳಗಿನದ್ದನ್ನೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸಿ ಕೊಡಿ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಆ ಕೆಲಸವನ್ನು ನಾವು ಮಾಡುವುದಿಲ್ಲ. ಅದಕ್ಕೆ ಅಗತ್ಯವೂ ಇಲ್ಲ. ಬಹಳಷ್ಟು ವಾಲ್ವ್ ರೇಡಿಯೊಗಳ ಹಿಂಬದಿಯಲ್ಲಿ ಗ್ರಾಮಫೋನ್ ಪಿಕಪ್ ಜೋಡಿಸಲು ಎರಡು ತೂತುಗಳಿರುತ್ತವೆ. ಫೋನಿನ ಎಡ, ಬಲ ಎರಡೂ ಸ್ವರಗಳನ್ನು ತಲಾ ಒಂದು ರೆಸಿಸ್ಟರ್ ಮೂಲಕ ಕೂಡಿಸಿ, ನಡುವೆ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟು ಅಲ್ಲಿಗೆ ಕೊಟ್ಟರೆ ಫೋನಿನ ಹಾಡು ಅದೇ ವಾಲ್ವ್‌ಗಳಿಂದ, ಅದೇ ಸ್ಪೀಕರಿನಿಂದ ಬರುತ್ತದೆ. ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ. ಈ ಜೋಡಣೆಯನ್ನು ನಾವೇ ತಯಾರಿಸಿ ಕೊಡುತ್ತೇವೆ. ಆದರೆ ನಿಮ್ಮ ಸೆಟ್ ಎಸಿ/ಡಿಸಿ ಮಾದರಿಯದಾಗಿದ್ದರೆ, ಅಂದರೆ ಒಳಗೆ ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ಯುಸಿಎಚ್81, ಯುಎಲ್84 ವಾಲ್ವ್‌ಗಳ ಸೆಟ್ ಆಗಿದ್ದರೆ, ದಯವಿಟ್ಟು ಮನೆಯಲ್ಲಿ ಏನನ್ನೂ ಜೋಡಿಸಬೇಡಿ.

ಆ ಮಾದರಿಯಲ್ಲಿ ಶಾಸಿ (ಒಳಗಿನ ಲೋಹದ ಚೌಕಟ್ಟು) ನೇರವಾಗಿ ಮೇನ್ಸ್‌ನ ಒಂದು ತಂತಿಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುವಿ ಹಾಕಿದರೆ ಶಾಸಿಯಲ್ಲಿ ಪೂರ್ತಿ 230 ವೋಲ್ಟ್. ತಿರುಗಿಸುವ ಗುಂಡಿಯ ಪಕ್ಕದ ಸಣ್ಣ ತಿರುಪಿಗೂ ಅದು ಬರುತ್ತದೆ. ಆ ತಿರುಪಿನ ತೂತಿಗೆ ತಯಾರಕರು ಮೇಣ ತುಂಬಿಸುತ್ತಿದ್ದುದು ಬೆರಳು ತಾಗದಿರಲೆಂದೇ. ಗುಂಡಿ ಕಳೆದುಹೋಗಿ ಬರಿಯ ಲೋಹದ ಕಡ್ಡಿ ಕಾಣುತ್ತಿದ್ದರೆ ಮಕ್ಕಳ ಕೈಗೆ ಎಟುಕದಂತೆ ಸೆಟ್ಟನ್ನು ಎತ್ತಿಡಿ, ಪ್ಲಗ್ ಕಿತ್ತಿಡಿ.

ಯಾವುದೇ ಸೆಟ್ ವರ್ಷಗಟ್ಟಲೆ ಮೂಲೆಯಲ್ಲಿದ್ದರೆ, ನಮ್ಮಲ್ಲಿಗೆ ತರುವ ಮುನ್ನ ‘ಒಮ್ಮೆ ಹಚ್ಚಿ ನೋಡೋಣ’ ಎನ್ನಬೇಡಿ. ಅತಿ ಹೆಚ್ಚು ಹಾನಿ ಆಗುವುದು ಆ ಒಂದು ನಿಮಿಷದಲ್ಲೇ. ಪ್ಲಗ್ ತೆಗೆದ ಮೇಲೂ ಒಳಗಿನ ಕಂಡೆನ್ಸರ್‌ಗಳಲ್ಲಿ 250 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಹಿಂಬದಿಯ ಹಲಗೆ ಬಿಚ್ಚಬೇಡಿ. ಕರಕರ ಎನ್ನುವ ವಾಲ್ಯೂಮಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಬೇಡಿ. ಸ್ಟೇಷನ್‌ಗಳನ್ನು ಬೇರ್ಪಡಿಸುವ ಐಎಫ್ ಕಾಯಿಲುಗಳ (ಸುರುಳಿಗಳ) ತಿರುಪು ಸಡಿಲವಾಗಿದೆಯೆಂದು ಬಿಗಿ ಮಾಡಬೇಡಿ, ಅದು ಸಡಿಲವಲ್ಲ, ಕಾರ್ಖಾನೆಯಲ್ಲಿ ಅಳೆದು ನಿಲ್ಲಿಸಿದ ಜಾಗ. ಧೂಳು ಒರೆಸಿ, ಒಣ ಜಾಗದಲ್ಲಿಟ್ಟು, ಹಾಗೆಯೇ ತನ್ನಿ. ಬಸ್ ಪಾರ್ಸೆಲ್‌ನಲ್ಲಿ ಕಳಿಸುವವರು ಟರ್ನ್‌ಟೇಬಲಿನ ತಟ್ಟೆಯನ್ನು ತೆಗೆದು ಬೇರೆಯಾಗಿ ಸುತ್ತಿ, ತೋಳನ್ನು ಕಟ್ಟಿ ಕಳಿಸಿ.

ಖರ್ಚಿನ ಬಗ್ಗೆ ಒಂದು ಮಾತು. ನಮ್ಮ ಗ್ರಾಹಕರಲ್ಲಿ ನಿವೃತ್ತಿ ವೇತನದ ಮೇಲೆ ಬದುಕುವವರು ಅನೇಕರಿದ್ದಾರೆ. ಅಂಥವರಿಗೆ ಕಡ್ಡಾಯ ಕೆಲಸವನ್ನು ಮೊದಲು ಮಾಡಿ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲು, ಹಣವನ್ನು ಕಂತಿನಲ್ಲಿ ಕೊಡಲು ಅವಕಾಶವಿದೆ. ಸಂಕೋಚವಿಲ್ಲದೆ ಕೇಳಿ.

ಮಾರ್ಚ್ 31ರ ಒಳಗೆ ಬಂದ ಸೆಟ್‌ಗಳಿಗೆ ಹಳೆಯ ದರವೇ ನಡೆಯುತ್ತದೆ, ಆದರೆ ಕಡ್ಡಾಯ ಕೆಲಸಗಳನ್ನು ಅವುಗಳಿಗೂ ಮಾಡುತ್ತೇವೆ, ಅದರ ಕೂಲಿಯನ್ನು ನಾವೇ ಭರಿಸುತ್ತೇವೆ, ಭಾಗಗಳ ಬೆಲೆ ಮಾತ್ರ ನಿಮ್ಮದು. ಈಗಾಗಲೇ ಅಂದಾಜು ಪಡೆದು ಉತ್ತರ ಕೊಡದಿರುವವರು ರಸೀದಿಯಲ್ಲಿರುವ ಸಂಖ್ಯೆಗೆ ಕರೆ ಮಾಡಿ ಬೇಕೋ ಬೇಡವೋ ತಿಳಿಸಿ. ದುರಸ್ತಿ ಮುಗಿದು ಕಪಾಟಿನಲ್ಲಿ ಕಾಯುತ್ತಿರುವ ಸೆಟ್‌ಗಳನ್ನು ಮಳೆಗಾಲಕ್ಕೆ ಮೊದಲು ಒಯ್ಯಿರಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಬಂದರೆ ನಿಮ್ಮೆದುರೇ ಅರ್ಧ ಗಂಟೆ ಓಡಿಸಿ, ಗ್ರಿಡ್ ವೋಲ್ಟೇಜು ತೋರಿಸಿ ಕೊಡುತ್ತೇವೆ.

ವಿಶ್ವಾಸದಿಂದ,
ದುರಸ್ತಿ ಅಂಗಡಿಯ ಪಾಲುದಾರರು
ಬೆಂಗಳೂರು