ಸುಮ್ನೆ ಕೂತ್ಕೋ ಅಂದೆಯಲ್ಲ ಪುಟ್ಟಿ

ಪುಟ್ಟಿ,

ಭಾನುವಾರ ನೀನು ಮಾತಾಡುತ್ತಿದ್ದಾಗಲೇ ಫೋನ್ ಇಟ್ಟುಬಿಟ್ಟೆ. ತಪ್ಪಾಯಿತು. ಮಂಡಿಯ ತರಚು ಗಾಯ ಒಣಗುತ್ತಿದೆ. ಕುಕ್ಕರಹಳ್ಳಿ ಕೆರೆ ದಾರಿಯಲ್ಲಿ ಬೇರು ಎಡವಿ ಬಿದ್ದೆ, ಅಷ್ಟೇ. ಪಕ್ಕದ ಮನೆಯವರು ನಿನಗೆ ಹೇಳುವಾಗ ಒಗ್ಗರಣೆ ಸ್ವಲ್ಪ ಜಾಸ್ತಿ ಹಾಕಿದ್ದಾರೆ.

ಸಿಟ್ಟು ಬಂದಿದ್ದು ನಿನ್ನ ಮೇಲಲ್ಲ. 'ಇನ್ಮೇಲೆ ವಾಕಿಂಗ್ ಗೀಕಿಂಗ್ ಬೇಡ, ಸುಮ್ನೆ ಮನೇಲಿ ಕೂತ್ಕೋ ಅಪ್ಪ' ಅಂದೆಯಲ್ಲ, ಆ ಮಾತಿನ ಮೇಲೆ. ಅದನ್ನೇ ನಾನು ಅವ್ವನಿಗೆ ಹೇಳಿದ್ದೆ.

ಮದ್ದೂರು ಕಡೆಯ ಊರಿಂದ ಮೈಸೂರಿಗೆ ಕರೆತಂದಾಗ ಅವ್ವನಿಗೆ 71. ಹಿಂದಿನ ದಿನದವರೆಗೂ ಹುಲ್ಲಿನ ಹೊರೆ ಹೊತ್ತವಳು, ಎರಡು ಹಸು ಕರೆದವಳು. ಇಲ್ಲಿ ಪೊರಕೆ ಮುಟ್ಟಿದರೂ ಕಿತ್ತುಕೊಳ್ಳುತ್ತಿದ್ದೆ. ದುಡಿದಿದ್ದು ಸಾಕು ಅಂತ ಬೆತ್ತದ ಕುರ್ಚಿ ತಂದು ಕಿಟಕಿ ಹತ್ತಿರ ಹಾಕಿದೆ. ಅವ್ವನನ್ನು ರಾಣಿ ಹಾಗೆ ನೋಡಿಕೊಳ್ಳುತ್ತೀನಿ ಅಂತ ಬೀಗಿದ್ದೂ ಉಂಟು.

ಆಮೇಲಿನ ಆಸ್ಪತ್ರೆ ಓಡಾಟ ನಿನಗೇ ಗೊತ್ತು, ಬಿಡು. ಒಂದು ಸಂಜೆ ಮಾತ್ರ ನೀನು ಮನೆಯಲ್ಲಿರಲಿಲ್ಲ. ಅವ್ವ ಕುರ್ಚಿಯಲ್ಲಿ ಕೂತು ಸೆರಗನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೆಳಕ್ಕೆ ಎಳೆಯುತ್ತಿದ್ದಳು. ಒಮ್ಮೆ ಬಲಗೈ, ಒಮ್ಮೆ ಎಡಗೈ. ಹಾಲು ಕರೆಯುತ್ತಿದ್ದಳು ಕಣೇ. ನನ್ನ ಕಡೆ ತಿರುಗಿ, 'ಯಾರಪ್ಪ ನೀನು? ಅಲ್ಲಿ ನಿಂತ್ಕೋಬೇಡ, ಹಸ ಬೆದರ್ತದೆ' ಅಂದಳು.

ಇದು ಕಾಯಿಲೆ, ನಿಮ್ಮ ತಪ್ಪಲ್ಲ ಅಂತ ಡಾಕ್ಟರು ಹೇಳಿದ್ದರು. ಇರಬಹುದು. ಕುರ್ಚಿ ತಂದವನು ನಾನೇ ಅಲ್ವಾ?

2011ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. 55ರಿಂದ 80 ವರ್ಷದ 120 ಜನ. ಅರ್ಧ ಜನರನ್ನು ವಾರಕ್ಕೆ ಮೂರು ದಿನ, 40 ನಿಮಿಷದಂತೆ ಒಂದು ವರ್ಷ ನಡೆಸಿದರು. ಉಳಿದವರಿಗೆ ಬರೀ ಕೈಕಾಲು ಚಾಚುವ ವ್ಯಾಯಾಮ. ನೆನಪಿಗೆ ಬೇಕಾದ, ಮಿದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗ ನಡೆದವರಲ್ಲಿ ಶೇಕಡಾ 2ರಷ್ಟು ದೊಡ್ಡದಾಗಿತ್ತು. ಉಳಿದವರಲ್ಲಿ ಶೇಕಡಾ 1.4ರಷ್ಟು ಕುಗ್ಗಿತ್ತು. ನಡೆದವರಿಗೆ ಮರೆವಿನ ಕಾಯಿಲೆ ಬರೋದೇ ಇಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ, ನನಗೂ ಗೊತ್ತು. ಆದರೆ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ನಿನಗೂ 42 ಆಯಿತು. ಬೆಳಿಗ್ಗೆಯಿಂದ ರಾತ್ರಿವರೆಗೂ ಆ ಕಂಪ್ಯೂಟರ್ ಮುಂದೆಯೇ. ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಲಿಫ್ಟ್ ಬಿಡು, ಮೆಟ್ಟಿಲು ಹತ್ತು. ಬಿಪಿ ನೋಡಿಸು. ನೋಡು, ಭಾಷಣ ಶುರುವಾಯಿತು. ಖೋಖೋದಲ್ಲಿ ಕಪ್ ಗೆದ್ದವಳು ನೀನು. ಆ ಕಪ್ ಇನ್ನೂ ಶೋಕೇಸಲ್ಲಿದೆ, ವಾರಕ್ಕೊಮ್ಮೆ ಒರೆಸುತ್ತೇನೆ.

ಇನ್ನು ಮೇಲೆ ಬೆಳಕು ಹರಿದ ಮೇಲೆಯೇ ಹೊರಡುತ್ತೇನೆ. ಹಿಡಿತ ಇರುವ ಬೂಟು ತಂದಿದ್ದೇನೆ. ಫೋನ್ ಜೇಬಲ್ಲೇ ಇರುತ್ತೆ.

ಆ ಬೆತ್ತದ ಕುರ್ಚಿ ಈಗಲೂ ಅಟ್ಟದ ಮೇಲಿದೆ. ಮೊನ್ನೆ ಮಂಡಿ ನೋಯುತ್ತಿತ್ತಲ್ಲ, ಇಳಿಸೋಣ ಅಂತ ಏಣಿ ಹತ್ತಿದೆ. ಧೂಳು ಒರೆಸಿದೆ. ಅಲ್ಲೇ ಬಿಟ್ಟು ಇಳಿದುಬಂದೆ.

ಏಣಿ ಹತ್ತಿದ್ದಕ್ಕೆ ಬೈಬೇಡ.

ನಿನ್ನ ಅಪ್ಪ