ಶಿವುಗೆ, ಎರಡು 68ರ ನಡುವಿನಿಂದ

ಪ್ರೀತಿಯ ಶಿವು,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. "ವಿಯೆಟ್ನಾಂನಲ್ಲಿ ಹೊಸಬ ಬಂದಿದ್ದಾನಲ್ಲ ಮಾರಾಯ, ಏನಾದರೂ ಬದಲಾಗುತ್ತದಾ?" ರೋಬಸ್ಟಾ ಕಾಫಿ ಬೆಳೆಯುವವನು ಕೇಳಲೇಬೇಕಾದ ಪ್ರಶ್ನೆ. ಅಲ್ಲಿ ಮಳೆ ಕೈಕೊಟ್ಟರೆ ಸಕಲೇಶಪುರದಲ್ಲಿ ರೇಟು ಏರುತ್ತದೆ. ನಾನು "ನೋಡೋಣ" ಅಂದು ಫೋನಿಟ್ಟೆ. ಆಮೇಲೆ ವಾರವಿಡೀ ಅದನ್ನೇ ಓದುತ್ತಾ ಕೂತೆ. ನಮ್ಮ ಹಳೇ ಬಳಗದವರೂ ನೋಡಲಿ ಅಂತ ಉತ್ತರವನ್ನು ಇಲ್ಲೇ ಹಾಕುತ್ತಿದ್ದೇನೆ.

ಬದಲಾಗಿದೆ, ನಿಜ. 2024ರ ಜುಲೈನಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ನ್ಗುಯೆನ್ ಫು ತ್ರೋಂಗ್ ತೀರಿಕೊಂಡರು. ಆಗಸ್ಟಿನಲ್ಲಿ ತೊ ಲಾಮ್ ಅವರ ಜಾಗಕ್ಕೆ ಬಂದರು. ಎಂಟು ವರ್ಷ ಪೊಲೀಸ್ ಖಾತೆಯ ಮಂತ್ರಿಯಾಗಿದ್ದವರು. ವರ್ಷದೊಳಗೆ 63 ಪ್ರಾಂತ್ಯಗಳು 34 ಆದವು. ಜಿಲ್ಲಾ ಆಡಳಿತ ಅನ್ನುವುದೇ ಹೋಯಿತು. 2025ರ ಮೇ ತಿಂಗಳಲ್ಲಿ ಪಾಲಿಟ್‌ಬ್ಯೂರೋ, ಅಂದರೆ ಪಕ್ಷದ ಮೇಲ್ಮಟ್ಟದ ನಾಯಕರ ಕೂಟ, 68ನೇ ನಿರ್ಣಯ ಹೊರಡಿಸಿತು. ದೇಶದ ಬದುಕನ್ನು ಮುಂದಕ್ಕೆ ಎಳೆಯಲು ಖಾಸಗಿಯವರು ಬಹಳ ಮುಖ್ಯ ಅಂತ ಕಮ್ಯುನಿಸ್ಟ್ ಪಕ್ಷವೇ ಬರೆದಿದೆ!

ಆ 68 ಅನ್ನುವ ಅಂಕಿ ನನ್ನನ್ನು ಹಿಡಿದುಕೊಂಡಿತು. ವಿನ್ಹ್ ಫುಕ್ ಅಂತ ಒಂದು ಪ್ರಾಂತ್ಯ ಇತ್ತು. ಕಿಮ್ ನ್ಗೋಕ್ ಅಲ್ಲಿನ ಪಕ್ಷದ ಕಾರ್ಯದರ್ಶಿ. 1966ರಲ್ಲಿ, ಅಮೆರಿಕದ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಆ ಪ್ರಾಂತ್ಯವೂ ಒಂದು 68ನೇ ನಿರ್ಣಯ ಮಾಡಿತ್ತು. ಸಹಕಾರಿ ಬೇಸಾಯದಲ್ಲಿ ರೈತರಿಗೆ ಉಮೇದು ಇರಲಿಲ್ಲ. ಗದ್ದೆಯನ್ನು ಮನೆಮನೆಗೆ ಗುತ್ತಿಗೆ ಕೊಡೋಣ, ಒಪ್ಪಿಕೊಂಡಷ್ಟು ಸಹಕಾರಿಗೆ, ಮಿಕ್ಕಿದ್ದು ಮನೆಗೆ ಅಂದರು ಕಿಮ್ ನ್ಗೋಕ್. 1968ರಲ್ಲಿ ಪಕ್ಷದ ಹಿರಿಯ ತ್ರುವಾಂಗ್ ಚಿನ್ ಅದನ್ನು ಖಂಡಿಸಿದರು. ಗುತ್ತಿಗೆ ನಿಂತಿತು. ತಪ್ಪು ನನ್ನದೇ ಅಂತ ಕಿಮ್ ನ್ಗೋಕ್ ಬರೆದುಕೊಟ್ಟರು. 1979ರಲ್ಲಿ ಸತ್ತರು.

1986ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿ ಲೆ ಡುವಾನ್ ತೀರಿಕೊಂಡಾಗ ಕುರ್ಚಿಗೆ ಬಂದವರು ಯಾರು ಗೊತ್ತಾ? ಅದೇ ತ್ರುವಾಂಗ್ ಚಿನ್. ವಯಸ್ಸು 79. ಅಂಗಡಿಯಲ್ಲಿ ಸಾಮಾನಿಲ್ಲ, ಬೆಲೆಗಳು ಹುಚ್ಚೆದ್ದು ಓಡುತ್ತಿದ್ದವು. ಕುರ್ಚಿಯಲ್ಲಿ ಕೂತದ್ದು ಬರೀ ಐದು ತಿಂಗಳು. ಡಿಸೆಂಬರಿನ ಮಹಾಧಿವೇಶನದಲ್ಲಿ ಎದ್ದು ನಿಂತು, ಪಕ್ಷ ದೊಡ್ಡ ತಪ್ಪುಗಳನ್ನು ಮಾಡಿದೆ ಅನ್ನುವ ವರದಿಯನ್ನು ತಾವೇ ಓದಿದರು. ಜಾಗವನ್ನು ನ್ಗುಯೆನ್ ವಾನ್ ಲಿನ್‌ಗೆ ಬಿಟ್ಟರು. ದೊಯ್ ಮೊಯ್ ಅನ್ನುವ ಆರ್ಥಿಕ ಸುಧಾರಣೆ ಶುರುವಾದದ್ದು ಹಾಗೆ. 1988ರಲ್ಲಿ ಗದ್ದೆ ಮನೆಗಳ ಕೈಗೆ ಬಂತು. ಮರುವರ್ಷವೇ ಹತ್ತು ಲಕ್ಷ ಟನ್ನಿಗಿಂತ ಜಾಸ್ತಿ ಅಕ್ಕಿ ಹೊರದೇಶಕ್ಕೆ ಹೋಯಿತು. ನಿನ್ನ ನಿದ್ದೆ ಕೆಡಿಸುವ ದಾಕ್ ಲಾಕ್ ಪ್ರಾಂತ್ಯದ ಕಾಫಿಯೂ ಅದರ ಹಿಂದೆಯೇ ಬಂತು.

ಆದರೆ 1990ರಲ್ಲಿ ಪಾಲಿಟ್‌ಬ್ಯೂರೋದ ತ್ರಾನ್ ಶ್ವಾನ್ ಬಾಕ್ ಬೇರೆಬೇರೆ ಅಭಿಪ್ರಾಯಗಳಿಗೂ ಜಾಗ ಬೇಕು ಅಂದರು. ಅವರನ್ನು ತೆಗೆದುಹಾಕಿದರು. ಆ ಬಾಗಿಲು ಇನ್ನೂ ತೆರೆದಿಲ್ಲ. ಹಾಗಾಗಿ ನಿನಗೆ ನನ್ನ ಉತ್ತರ: ವ್ಯಾಪಾರ ಇನ್ನಷ್ಟು ಸಲೀಸಾಗುತ್ತದೆ. ತೊ ಲಾಮ್ ತಪ್ಪಿದರೆ ಅವರ ಮುಖಕ್ಕೆ ಹೇಳುವವರು ಇರುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ 1990 ಅಂತ ಬರೆದ ಮೇಲೆ ಕೈ ನಿಲ್ಲುತ್ತಿಲ್ಲ. ಅದೇ ವರ್ಷ ನಮ್ಮ ಓದಿನ ಬಳಗದಲ್ಲಿ ನೀನು ಕೇಳಿದ್ದೂ ಅದನ್ನೇ ಅಲ್ವಾ? ಒಂದೇ ಪಕ್ಷ ಯಾಕೆ ಅಂತ. ಮೊದಲು ಎದ್ದು ನಿಂತು, ಇವನನ್ನು ಹೊರಗೆ ಹಾಕಿ ಅಂದವನು ನಾನು. ತಪ್ಪೊಪ್ಪಿಗೆಯ ಹಾಳೆಯನ್ನು ನಿನ್ನ ಮುಂದೆ ಇಟ್ಟವನೂ ನಾನೇ. ನಿನಗೆ ಆಗ ಹತ್ತೊಂಬತ್ತು ವರ್ಷ. ನಿನ್ನ ಕೈ ನಡುಗುತ್ತಿತ್ತು. ನಾನು ನೋಡಿದೆ, ಆದರೂ ಸುಮ್ಮನಿದ್ದೆ. ಇಷ್ಟು ವರ್ಷ ನಿನ್ನ ಮನೆಯಲ್ಲಿ ಉಂಡಿದ್ದೇನೆ, ಒಮ್ಮೆಯೂ ಆ ಮಾತು ಎತ್ತಲಿಲ್ಲ. ತ್ರುವಾಂಗ್ ಚಿನ್ ಎದ್ದು ನಿಲ್ಲುವ ಹೊತ್ತಿಗೆ ಕಿಮ್ ನ್ಗೋಕ್ ಇರಲಿಲ್ಲ. 2025ರ ವಿಲೀನದಲ್ಲಿ ವಿನ್ಹ್ ಫುಕ್ ಕೂಡ ಫು ಥೋ ಪ್ರಾಂತ್ಯಕ್ಕೆ ಸೇರಿಹೋಗಿದೆ. ನೀನು ಇದ್ದೀಯ. ತಪ್ಪು ನನ್ನದು ಶಿವು.

ಸರಿ, ಸಾಕು. ಅತ್ತಿಗೆ ಇದನ್ನು ಓದಿ ಬೈಯುವ ಮೊದಲು ಬೇರೆ ಮಾತು. ಮೆಣಸು ಕೊಯ್ಲಿಗೆ ಬರುತ್ತೇನೆ. ಲಕ್ಷ್ಮಣನ ಛತ್ರಿ ಈ ಸಲವಾದರೂ ವಾಪಸ್ ತರುತ್ತೇನೆ, ಆಣೆ. ಆ ಹಾಳೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದನ್ನೂ ತರುತ್ತೇನೆ. ಬಚ್ಚಲೊಲೆಗೆ ಹಾಕುವುದೋ ಇಟ್ಟುಕೊಳ್ಳುವುದೋ ನೀನೇ ಹೇಳು.

ನಿನ್ನ,
ಮೂರನೇ ಬೆಂಚಿನವನು