ಹ್ಯಾಚ್ ಕವರ್ ತಪಾಸಣೆ: ಹೋಸ್ ಬಿಟ್ಟು ಅಲ್ಟ್ರಾಸೋನಿಕ್‌ಗೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕೆಲಸದ ಪದ್ಧತಿ ಬದಲಾಗುತ್ತಿದೆ. ಹಡಗಿನ ಹ್ಯಾಚ್ ಕವರ್ (ಸರಕು ತುಂಬುವ ಕೋಣೆಯಾದ ಹೋಲ್ಡ್‌ನ ಬಾಯಿ ಮುಚ್ಚುವ ಮುಚ್ಚಳ) ಸೋರುತ್ತದೆಯೇ ಎಂದು ಇಷ್ಟು ದಿನ ಹೋಸ್‌ನಿಂದ ನೀರು ಹಾಯಿಸಿ ನೋಡುತ್ತಿದ್ದೆವು. ಇನ್ನು ಅಲ್ಟ್ರಾಸೋನಿಕ್ ಉಪಕರಣದಿಂದ ನೋಡುತ್ತೇವೆ. ನಿಮ್ಮ ಕ್ಲಾಸ್ ಸರ್ವೇಯರ್ (ಹಡಗಿಗೆ ದರ್ಜೆ ಪತ್ರ ಕೊಡುವ ಸಂಸ್ಥೆಯ ಪರಿಶೀಲಕ) ಹೋಸ್ ಟೆಸ್ಟೇ ಬೇಕು ಎಂದರೆ ಅದನ್ನೂ ಮಾಡಿಕೊಡುತ್ತೇವೆ. ಆದರೆ ನಮ್ಮ ಸಹಿ ಬೀಳುವುದು ಅಲ್ಟ್ರಾಸೋನಿಕ್ ರೀಡಿಂಗ್ ನೋಡಿದ ಮೇಲೆಯೇ.

"ಇಷ್ಟು ವರ್ಷ ಹೋಸ್ ಸಾಕಾಗಿತ್ತು, ಈಗೇನಾಯ್ತು?" ಎಂದು ಕೆಲವರು ಕೇಳಿದ್ದೀರಿ. ಕೇಳಬೇಕಾದ್ದೇ. ನಡೆದದ್ದನ್ನು ಹೇಳಿಬಿಡುತ್ತೇವೆ. ನಾವೇ "ಸರಿಯಿದೆ" ಎಂದು ಬರೆದುಕೊಟ್ಟಿದ್ದ ಹಡಗೊಂದರಲ್ಲಿ ಸಕ್ಕರೆ ಒದ್ದೆಯಾಯಿತು. ಎರಡು ಮುಚ್ಚಳ ಸೇರುವ ಅಡ್ಡ ಸಂದಿಯ ಕೆಳಗೆ, ಗೆರೆ ಎಳೆದ ಹಾಗೆ, ಚೀಲಗಳು ಕಲ್ಲಾಗಿದ್ದವು. ಟೆಸ್ಟನ್ನು ನಿಯಮದಂತೆಯೇ ಮಾಡಿದ್ದೆವು: 12 ಮಿಲಿಮೀಟರ್ ನಾಜಲ್, 2 ಬಾರ್ ಒತ್ತಡ, ಒಂದೂವರೆ ಮೀಟರಿನ ಒಳಗೆ ನಿಂತು.

ತೊಂದರೆ ಇರುವುದು ಟೆಸ್ಟಿನಲ್ಲೇ. ಬಂದರಿನಲ್ಲಿ ಹಡಗು ಸುಮ್ನೆ ನಿಂತಿರುತ್ತದೆ. ಸಮುದ್ರದಲ್ಲಿ ಅಲೆ ಎತ್ತಿದಾಗ ಅದರ ಮೈ ಬಾಗುತ್ತದೆ, ತಿರುಚುತ್ತದೆ, ಮುಚ್ಚಳಗಳು ಕೋಮಿಂಗ್ (ಹೋಲ್ಡ್ ಬಾಯಿಯ ಸುತ್ತಲಿನ ಕಟ್ಟೆ) ಮೇಲೆ ಸರಿದಾಡುತ್ತವೆ. ಆಗ ಮುಚ್ಚಳದ ಅಂಚಿನಲ್ಲಿ ಅದುಮಿಟ್ಟ ರಬ್ಬರ್ ಹಿಗ್ಗಿ ಆ ಸಂದಿಯನ್ನು ತುಂಬಬೇಕು. ಹಳೆಯ ರಬ್ಬರ್‌ನಲ್ಲಿ ಎದುರಿನ ಉಕ್ಕಿನ ಪಟ್ಟಿ ಒತ್ತಿ ಒತ್ತಿ ತಗ್ಗು ಬಿದ್ದಿರುತ್ತದೆ, ಅದು ಹಿಗ್ಗುವುದಿಲ್ಲ. ಆದರೂ ನಿಂತ ಹಡಗಿನಲ್ಲಿ ಪಟ್ಟಿಗೆ ಬರೀ ತಾಗಿಕೊಂಡಿದ್ದರೆ ಸಾಕು, ಹೋಸ್ ನೀರು ಒಳಗೆ ಬರುವುದಿಲ್ಲ. ಬಂದ ಅಷ್ಟಿಷ್ಟು ನೀರೂ ಡ್ರೈನ್ ಕಾಲುವೆ ಹಿಡಿದು ಹೊರಗೆ ಹೋಗಿಬಿಡಬಹುದು. ಚಾಕ್ ಟೆಸ್ಟ್‌ನ ಹಣೆಬರಹವೂ ಅಷ್ಟೇ. ಪಟ್ಟಿಗೆ ಸೀಮೆಸುಣ್ಣ ಬಳಿದು ಮುಚ್ಚಿ, ಗುರುತು ರಬ್ಬರ್ ಮೇಲೆ ಬಿತ್ತೇ ಎಂದು ನೋಡುವ ಈ ಟೆಸ್ಟ್ ರಬ್ಬರ್ ತಾಗಿದೆ ಎನ್ನುತ್ತದೆ, ಎಷ್ಟು ಬಿಗಿಯಾಗಿ ಎಂದು ಹೇಳುವುದಿಲ್ಲ.

ಹೊಸ ವಿಧಾನ ಹೀಗೆ. ಖಾಲಿ ಹೋಲ್ಡ್‌ನಲ್ಲಿ ಒಂದು ಟ್ರಾನ್ಸ್‌ಮಿಟರ್ ಇಡುತ್ತೇವೆ. ಅದು ಸುಮಾರು 40 ಕಿಲೋಹರ್ಟ್ಸ್ ಶಬ್ದ ಹೊರಡಿಸುತ್ತದೆ. ನಮ್ಮ ಕಿವಿ 20ರ ಆಚೆ ಕೇಳುವುದಿಲ್ಲ, ಹಾಗಾಗಿ ಡೆಕ್ ಮೇಲೆ ಯಾರಿಗೂ ಕಿರಿಕಿರಿಯಿಲ್ಲ. ಮೊದಲು ಮುಚ್ಚಳ ತೆರೆದಿಟ್ಟು ಶಬ್ದ ಎಷ್ಟು ಬರುತ್ತದೆ ಎಂದು ಅಳೆಯುತ್ತೇವೆ. ಆಮೇಲೆ ಮುಚ್ಚಿ, ಕ್ಲೀಟ್ (ಮುಚ್ಚಳ ಹಿಡಿದಿಡುವ ಕೊಂಡಿ) ಬಿಗಿದು, ರಿಸೀವರ್ ಹಿಡಿದು ಸಂದಿಗಳ ಉದ್ದಕ್ಕೂ ನಡೆಯುತ್ತೇವೆ. ತೆರೆದಾಗಿನ ರೀಡಿಂಗ್‌ನ ಶೇಕಡಾ 10 ನಮ್ಮ ಗಡಿ. ತೆರೆದಾಗ 60 ಡೆಸಿಬೆಲ್ ಬಂದಿದ್ದರೆ, ಮುಚ್ಚಿದ ಮೇಲೆ 6 ದಾಟಿದ ಜಾಗದಲ್ಲಿ ರಬ್ಬರ್ ಬಿಗಿ ಸಾಲದು ಎಂದರ್ಥ. ಅಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇವೆ. (ಚಾಕ್ ಪೂರ್ತಿ ಕೈಬಿಟ್ಟಿಲ್ಲ, ನೋಡಿ.)

ನೀರಿನ ರಗಳೆ ಇಲ್ಲ. ಡೆಕ್ ಮೇಲಿನ ಎಣ್ಣೆ ಕೊಳೆ ಬಂದರಿನ ನೀರಿಗೆ ಇಳಿಯುವುದಿಲ್ಲ. ಹೆಪ್ಪುಗಟ್ಟುವ ಚಳಿಯಲ್ಲೂ ಕೆಲಸ ನಿಲ್ಲುವುದಿಲ್ಲ.

ನಿಮ್ಮಿಂದ ಬೇಕಾದ್ದು ಜಾಸ್ತಿ ಏನಿಲ್ಲ. ಹೋಲ್ಡ್ ಖಾಲಿ ಇರಲಿ. ಕೋಮಿಂಗ್ ಮೇಲಿನ ಪಟ್ಟಿ ಮತ್ತು ಕಾಲುವೆಗಳಲ್ಲಿ ಹಿಂದಿನ ಸರಕಿನ ಧೂಳು, ಕಾಳು ಉಳಿದಿರಬಾರದು. ಮುಚ್ಚಳ ತೆಗೆದು ಹಾಕಲು ಸಿಬ್ಬಂದಿ ಸಿಗಬೇಕು. ಇನ್ನೊಂದು ಮಾತು: ನಾವು ಬರುತ್ತೇವೆಂದು ರಬ್ಬರ್‌ಗೆ ಪೇಂಟ್ ಹೊಡೆಯಬೇಡಿ. ಮೇಲೆ ಥಳುಕು, ಒಳಗೆ ಹುಳುಕು. ಪೇಂಟ್ ಬಿದ್ದ ರಬ್ಬರ್ ಇನ್ನೂ ಬೇಗ ಗಡುಸಾಗುತ್ತದೆ. ರಬ್ಬರ್ ತಗ್ಗು ಬಿದ್ದ ಕಡೆ ಅದರ ಹಿಂದೆ ಇನ್ನೊಂದು ಪಟ್ಟಿ ತುರುಕಿ ಉಬ್ಬಿಸುವುದೂ ಬೇಡ. ಅಲ್ಲಿ ಬಿಗಿಯಾದರೆ ಅದರ ಅಕ್ಕಪಕ್ಕ ಸಡಿಲವಾಗುತ್ತದೆ. ಆ ಉದ್ದದ ರಬ್ಬರನ್ನೇ ಬದಲಾಯಿಸಿ.

ಈ ಉಪಕರಣಕ್ಕೂ ಮಿತಿಯಿದೆ. ರಬ್ಬರ್ ಬಿಗಿ ಎಷ್ಟೆಂದು ಹೇಳುತ್ತದೆ, ಮುಚ್ಚಳದ ಗಟ್ಟಿತನ ಹೇಳುವುದಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ಕಬ್ಬಿಣದ ಅದಿರು ಹೊತ್ತ 'ಡರ್ಬಿಶೈರ್' ಜಪಾನ್ ಹತ್ತಿರ ಚಂಡಮಾರುತಕ್ಕೆ ಸಿಕ್ಕಿ 44 ಜನರೊಂದಿಗೆ ಮುಳುಗಿತು. ತನಿಖೆಯಲ್ಲಿ ಕಂಡದ್ದೇನು? ಮುಂಭಾಗದ ವೆಂಟಿಲೇಟರ್‌ಗಳು ಕಿತ್ತುಹೋಗಿ ನೀರು ನುಗ್ಗಿತು, ಮೂತಿ ತಗ್ಗಿತು, ಅಲೆಯ ಹೊಡೆತಕ್ಕೆ ಮೊದಲ ಹ್ಯಾಚ್ ಕವರ್ ಕುಸಿಯಿತು. ಹಾಗಾಗಿ ತುಕ್ಕು, ಬಿರುಕು, ಸವೆದ ತಗಡು, ವೆಂಟಿಲೇಟರ್, ಮ್ಯಾನ್‌ಹೋಲ್ ಇವನ್ನೆಲ್ಲ ಮೊದಲಿನಂತೆಯೇ ಕಣ್ಣಿಂದ ನೋಡುತ್ತೇವೆ.

ಕೆಳಗಿನಿಂದಲೂ ನೀರು ಬರುತ್ತದೆ ಅಲ್ವಾ? ಹೋಲ್ಡ್ ತಳದ ನೀರನ್ನು ಹೊರಹಾಕುವ ಬಿಲ್ಜ್ ಪೈಪಿನ ನಾನ್-ರಿಟರ್ನ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ) ವಾಲ್ವ್‌ನಲ್ಲಿ ಒಂದು ಚೂರು ಕಸ ಸಿಕ್ಕಿದರೂ ಸಾಕು, ನೀರು ಹಿಂದಕ್ಕೆ ಹೋಲ್ಡಿಗೇ ಹರಿಯುತ್ತದೆ. ಮೇಲಿನ ರಬ್ಬರ್ ಎಷ್ಟೇ ಚೆನ್ನಾಗಿದ್ದರೂ ಸರಕು ಹಾಳು. ಈ ವಾಲ್ವ್ ಪರೀಕ್ಷೆಯನ್ನು ಕೇಳಿದವರಿಗೆ ಮಾತ್ರ ಮಾಡುತ್ತಿದ್ದೆವು. ಇನ್ನು ಎಲ್ಲರಿಗೂ ಮಾಡುತ್ತೇವೆ. ಧಾನ್ಯ, ಅದಿರಿನಂಥ ಸರಕನ್ನು ಸುರಿದು ಸಾಗಿಸುವ ಬಲ್ಕ್ ಕ್ಯಾರಿಯರ್‌ಗಳಲ್ಲಿ ನೀರಿನ ಮಟ್ಟದ ಅಲಾರಂ ಇದ್ದೇ ಇರುತ್ತದೆ, ನಿಜ. ಆದರೆ ಅದು ಮೊದಲು ಕೂಗುವುದೇ ಹೋಲ್ಡ್‌ನಲ್ಲಿ ಅರ್ಧ ಮೀಟರ್ ನೀರು ನಿಂತ ಮೇಲೆ. ಸಕ್ಕರೆಗೂ ಸಿಮೆಂಟಿಗೂ ಅಷ್ಟು ಹೊತ್ತು ಕಾಯುವ ತಾಳ್ಮೆಯಿಲ್ಲ.

ಪ್ರತಿ ವರದಿಯ ಜೊತೆ ರೀಡಿಂಗ್‌ಗಳ ನಕ್ಷೆ, ಉಪಕರಣದ ಆ ವರ್ಷದ ಕ್ಯಾಲಿಬ್ರೇಷನ್ ಪತ್ರದ ಪ್ರತಿ ಇರುತ್ತದೆ. ದರದಲ್ಲಿ ಬದಲಾವಣೆಯಿಲ್ಲ. ಈ ತಿಂಗಳು ಈಗಾಗಲೇ ಬುಕ್ ಮಾಡಿದವರು ಹಳೆಯದೋ ಹೊಸದೋ ಎಂದು ಎರಡು ದಿನ ಮೊದಲು ತಿಳಿಸಿ.

ಇಂತಿ,
ನಿಮ್ಮ ತಪಾಸಣಾ ತಂಡ